ಬಸ್ರಾದ ಕಾಲುವೆ, ಕಳಸದ ಮಳೆ ಲೆಕ್ಕ

ಅಪ್ಪ ಕಳಸದ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ರೈಟರ್ ಅಂದರೆ ಸಾಹಿತಿ ಅಲ್ಲ. ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಮೂಟೆ ಇವುಗಳ ಲೆಕ್ಕ ಬರೆಯುವವರು. ಆ ಲೆಕ್ಕಗಳಲ್ಲಿ ಮಳೆಯದೂ ಒಂದು. ದಿನಾ ಬೆಳಿಗ್ಗೆ ರೈನ್‌ಗೇಜಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಎಷ್ಟು, ಸೆಂಟ್ ಎಷ್ಟು ಎಂದು ನೋಡಿ ಉದ್ದನೆಯ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಕೊನೆಯ ಕಾಲಮ್ಮಿನ ಮೇಲೆ ‘ಷರಾ’ ಎಂದಿರುತ್ತಿತ್ತು. ಹೆಚ್ಚಿನ ದಿನ ಅದು ಖಾಲಿ. ಆಷಾಢದಲ್ಲಿ ಮಾತ್ರ ‘ಸಿಲ್ವರ್ ಮರ ಬಿದ್ದಿದೆ’, ‘ಕರೆಂಟಿಲ್ಲ’, ‘ಹಳ್ಳ ದಾಟಲಾಗಲಿಲ್ಲ, ಕೆಲಸ ಇಲ್ಲ’ ಎಂಬಂಥ ಸಾಲುಗಳು ಬರುತ್ತಿದ್ದವು. ‘ಕೆಲಸ ಇಲ್ಲ’ ಅಂದರೆ ಲೈನುಮನೆಯವರಿಗೆ ಅವತ್ತಿನ ಕೂಲಿ ಇಲ್ಲ ಎಂದರ್ಥ. ಅದನ್ನು ಬಿಡಿಸಿ ಬರೆಯಲು ಷರಾ ಕಾಲಮ್ಮಿನಲ್ಲಿ ಜಾಗವಿರಲಿಲ್ಲ.

ಆ ರಿಜಿಸ್ಟರು ನನಗೆ ಮತ್ತೆ ನೆನಪಾದದ್ದು ಇರಾಕಿನ ಕವಿ ಬದ್ರ್ ಶಾಕಿರ್ ಅಲ್ ಸಯ್ಯಾಬನ ಮಳೆಯ ಕವಿತೆಯನ್ನು ಓದುವಾಗ. ನನ್ನ ಸಂಶೋಧನೆಯ ವಿಷಯ ನವ್ಯ ಕಾವ್ಯದಲ್ಲಿ ಊರಿನ ಕಲ್ಪನೆ. ಅಡಿಗರ ಕಾಲದಲ್ಲಿ ಬೇರೆ ಭಾಷೆಗಳ ಕವಿಗಳು ತಮ್ಮ ಊರನ್ನು ಹೇಗೆ ಬರೆದರು ಎಂದು ಹುಡುಕುತ್ತ ಹೋದಾಗ ಸಯ್ಯಾಬ್ ಸಿಕ್ಕಿದ. ನನಗೆ ಅರಬ್ಬಿ ಬರುವುದಿಲ್ಲ. ಇಂಗ್ಲಿಷ್ ಅನುವಾದಗಳನ್ನು ಓದಿ, ಅನುಮಾನ ಬಂದಲ್ಲಿ ಅರಬ್ಬಿ ಬಲ್ಲ ಗೆಳೆಯರನ್ನು ಕೇಳಿ ತಿಳಿದುಕೊಂಡದ್ದು. ಆ ಓದು ನನ್ನನ್ನು ಬಸ್ರಾದಲ್ಲಿ ನಿಲ್ಲಿಸದೆ ಮೂಡಿಗೆರೆ, ಕಳಸಗಳಿಗೆ ವಾಪಸು ಕಳಿಸಿತು. ನಮ್ಮ ಬೆಟ್ಟಗಳ ಬಗ್ಗೆ ಇಷ್ಟು ಬರೆದಿದ್ದೇವಲ್ಲ, ನಮ್ಮ ಕವಿತೆಯಲ್ಲಿ ಊರು ಎಷ್ಟಿದೆ, ಊರಿನ ಮೇಲಿನ ಮೋಹ ಎಷ್ಟಿದೆ ಎಂಬುದು ನನ್ನ ಪ್ರಶ್ನೆ.

ಅರಬ್ಬರ ನಾಡಿಗೂ ನಮ್ಮ ಬೆಟ್ಟಕ್ಕೂ ನಂಟು ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಯೆಮೆನ್ನಿನ ಮೋಖಾದಿಂದ ಏಳು ಕಾಫಿ ಬೀಜ ತಂದರು ಎಂಬ ಐತಿಹ್ಯವನ್ನು ಚಿಕ್ಕಮಗಳೂರಿನ ಶಾಲೆಯ ಮಕ್ಕಳೂ ಹೇಳುತ್ತಾರೆ. ‘ಅರೇಬಿಕಾಗೆ ಎಷ್ಟಿದೆ ರೇಟು?’ ಎಂದು ಬೆಳಗಾದರೆ ಕೇಳುವ ನಮಗೆ ಆ ಹೆಸರಿನೊಳಗೆ ಒಂದು ದೇಶವಿದೆ ಎಂಬುದು ನೆನಪಿರುವುದಿಲ್ಲ ಅಷ್ಟೆ. ಕಾಫಿ ಎಂಬ ಮಾತಿನ ಮೂಲವಾದ ‘ಕಹ್ವಾ’ ಹಳೆಯ ಅರಬ್ಬಿಯಲ್ಲಿ ಮದ್ಯದ ಹೆಸರುಗಳಲ್ಲಿ ಒಂದಾಗಿತ್ತು. ಬೀಜದ ಜೊತೆ ಪದವೂ ಪ್ರಯಾಣ ಮಾಡಿತು, ದಾರಿಯಲ್ಲಿ ಅರ್ಥ ಬದಲಾಯಿಸಿಕೊಂಡಿತು. ಬರದೇ ಉಳಿದದ್ದು ಕವಿತೆ.

ಅರಬ್ಬಿ ಕಾವ್ಯ ಶುರುವಾಗುವುದೇ ಜಾಗದ ಹೆಸರುಗಳಿಂದ. ಇಸ್ಲಾಂ ಪೂರ್ವದ ದೀರ್ಘ ಕವಿತೆಗಳಲ್ಲಿ ಕವಿ ಮೊದಲು ಬಂದು ನಿಲ್ಲುವುದು ಬಿಟ್ಟುಹೋದ ಬೀಡಿನ ಎದುರಿಗೆ. ಪ್ರೇಯಸಿಯ ಬಳಗ ಗುಡಾರ ಕಿತ್ತುಕೊಂಡು ಹೋಗಿದೆ. ಒಲೆಯ ಕಲ್ಲು, ಗೂಟದ ಗುರುತು ಉಳಿದಿವೆ. ಆರನೆಯ ಶತಮಾನದ ಇಮ್ರುಲ್ ಖೈಸ್ ತನ್ನ ಪ್ರಸಿದ್ಧ ಕವಿತೆಯ ಆರಂಭದಲ್ಲೇ ಆ ಜಾಗ ಯಾವ ಯಾವ ಊರುಗಳ ನಡುವೆ ಬರುತ್ತದೆ ಎಂದು ಹೆಸರು ಹಿಡಿದು ಹೇಳುತ್ತಾನೆ. ಅಳುವುದಕ್ಕೂ ವಿಳಾಸ ಬೇಕು ಎನ್ನುವ ಹಾಗೆ. ಈ ಹೆಸರುಗಳು ಎಷ್ಟು ಗಟ್ಟಿಯಾಗಿ ಉಳಿದವೆಂದರೆ, 1229ರಲ್ಲಿ ತೀರಿಕೊಂಡ ಯಾಕೂತ್ ಅಲ್ ಹಮವಿ ಊರುಗಳ ದೊಡ್ಡ ನಿಘಂಟನ್ನು ಕಟ್ಟಿದಾಗ ಎಷ್ಟೋ ಜಾಗಗಳಿಗೆ ಸಾಕ್ಷಿಯಾಗಿ ಕೊಟ್ಟದ್ದು ಹಳೆಯ ಕವಿಗಳ ಪದ್ಯಗಳನ್ನೇ. ಕವಿತೆಯನ್ನು ಭೂಗೋಳಶಾಸ್ತ್ರಜ್ಞ ದಾಖಲೆಯಾಗಿ ಬಳಸುತ್ತಾನೆ. ನಮ್ಮಲ್ಲಿ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ನಾಡಿನ ಎಲ್ಲೆಗಳನ್ನು ಹೇಳಿ, ತಿರುಳ್ಗನ್ನಡದ ನೆಲವನ್ನು ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳೆಂಬ ನಾಲ್ಕು ಊರುಗಳ ನಡುವೆ ಗುರುತಿಸುತ್ತದೆ. ಅದು ಭಾಷೆಯ ಅಳತೆ. ನೆನಪಿನ ಹಂಬಲವಾಗಿ ಊರು ಬರುವುದಕ್ಕೆ ಹತ್ತನೆಯ ಶತಮಾನದ ಪಂಪನ ಬನವಾಸಿಯನ್ನು ಕಾಯಬೇಕು.

ಇನ್ನು ಬಸ್ರಾ. ಏಳನೆಯ ಶತಮಾನದಲ್ಲಿ ಸೈನ್ಯದ ಬೀಡಾಗಿ ಹುಟ್ಟಿದ ಊರು. ಅದರ ಅಂಚಿನ ಮಿರ್ಬದ್ ಎಂಬ ಸಂತೆಯಲ್ಲಿ ಒಂಟೆ ವ್ಯಾಪಾರದ ಜೊತೆಗೆ ಕವಿಗಳ ಜಗಳವೂ ನಡೆಯುತ್ತಿತ್ತು. ಎಂಟನೆಯ ಶತಮಾನದಲ್ಲಿ ಇದೇ ಊರಿನಲ್ಲಿ ಖಲೀಲ್ ಇಬ್ನ್ ಅಹ್ಮದ್ ಅರಬ್ಬಿ ಛಂದಸ್ಸಿನ ಶಾಸ್ತ್ರವನ್ನು ರೂಪಿಸಿದ. ಆ ಶಾಸ್ತ್ರದ ಪರಿಭಾಷೆಯೇ ಒಂದು ಬೀಡು. ಪದ್ಯಕ್ಕೆ ‘ಬೈತ್’ ಎನ್ನುತ್ತಾರೆ. ಮನೆ, ಗುಡಾರ ಎಂದರ್ಥ. ಅದರ ಎರಡು ಅರ್ಧಗಳಲ್ಲಿ ಒಂದೊಂದೂ ‘ಮಿಸ್ರಾ’, ಬಾಗಿಲಿನ ಒಂದು ಕದ. ಗಣದೊಳಗಿನ ಸಣ್ಣ ಘಟಕಗಳಿಗೆ ಹಗ್ಗ, ಗೂಟ ಎಂಬ ಹೆಸರುಗಳು. ನಮ್ಮ ಛಂದಸ್ಸು ಪಾದ, ಚರಣ ಎಂದು ನಡೆಯುವ ಕಾಲನ್ನು ಹಿಡಿದರೆ ಅವರದು ವಾಸದ ಮನೆಯನ್ನು ಹಿಡಿಯಿತು.

ಸುಮಾರು ಸಾವಿರದ ಇನ್ನೂರು ವರ್ಷಗಳ ನಂತರ ಆ ಮನೆಯ ಕಟ್ಟನ್ನು ಸಡಿಲಿಸಿದವರಲ್ಲಿ ಒಬ್ಬ ಅದೇ ಬಸ್ರಾ ಸೀಮೆಯವನು. 1947ರ ಸುಮಾರಿಗೆ ಸಯ್ಯಾಬ್ ಮತ್ತು ನಾಝಿಕ್ ಅಲ್ ಮಲಾಯಿಕಾ ಪದ್ಯದ ಎರಡು ಸಮಭಾಗಗಳ ನಿಯಮವನ್ನು ಬಿಟ್ಟು, ಗಣವನ್ನು ಉಳಿಸಿಕೊಂಡು, ಸಾಲಿನ ಉದ್ದವನ್ನು ಭಾವದ ಉಸಿರಿಗೆ ಬಿಟ್ಟುಕೊಟ್ಟರು. ಗೂಟ, ಹಗ್ಗ ಹಳೆಯವೇ. ಗುಡಾರದ ಆಕಾರ ಬೇರೆ. 1954ರಲ್ಲಿ ಅಡಿಗರ ‘ಚಂಡೆಮದ್ದಳೆ’ ಬಂತು. ಅದೇ ವರ್ಷ ಬೈರೂತಿನ ‘ಅಲ್ ಆದಾಬ್’ ಪತ್ರಿಕೆಯಲ್ಲಿ ಸಯ್ಯಾಬನ ‘ಉನ್ಶೂದತ್ ಅಲ್ ಮತರ್’, ಅಂದರೆ ‘ಮಳೆಯ ಹಾಡು’ ಪ್ರಕಟವಾಯಿತು. ಇಬ್ಬರೂ ಎಲಿಯಟ್‌ನನ್ನು ಓದಿಕೊಂಡವರು. ಒಬ್ಬ ಮೊಗೇರಿಯ ಕರಾವಳಿಯವರು, ಇನ್ನೊಬ್ಬ ಕಡಲಿನ ಆಚೆ ದಡದವನು.

ಸಯ್ಯಾಬ್ ಹುಟ್ಟಿದ್ದು 1926ರಲ್ಲಿ, ಬಸ್ರಾ ನಗರದ ದಕ್ಷಿಣಕ್ಕೆ ಅಬುಲ್ ಖಸೀಬ್ ಸೀಮೆಯ ಜೈಕೂರ್ ಎಂಬ ಸಣ್ಣ ಹಳ್ಳಿಯಲ್ಲಿ. ಆರು ವರ್ಷಕ್ಕೆ ತಾಯಿ ತೀರಿಕೊಂಡಳು. ಟೈಗ್ರಿಸ್, ಯೂಫ್ರೆಟಿಸ್ ನದಿಗಳು ಕೂಡಿ ಶತ್ತಲ್ ಅರಬ್ ಎಂಬ ಹೆಸರಿನಲ್ಲಿ ಕೊಲ್ಲಿಗೆ ಸೇರುವ ದಾರಿಯ ಖರ್ಜೂರದ ತೋಪುಗಳ ನಾಡು ಅದು. ಅಲ್ಲಿನ ನೀರಾವರಿ ವಿಶೇಷವಾದದ್ದು. ದಿನಕ್ಕೆರಡು ಸಲ ಸಮುದ್ರದ ಉಬ್ಬರ ನದಿಯನ್ನು ಹಿಂದಕ್ಕೆ ತಳ್ಳುತ್ತದೆ. ಆಗ ನದಿಯ ಸಿಹಿನೀರು ಏರಿ ಕಾಲುವೆಗಳಿಗೆ ನುಗ್ಗಿ ತೋಪುಗಳನ್ನು ತಣಿಸುತ್ತದೆ. ಇಳಿತದಲ್ಲಿ ವಾಪಸು ಹೋಗುತ್ತದೆ. ಏತವಿಲ್ಲ, ಪಂಪ್‌ಸೆಟ್ ಇಲ್ಲ. ಸಮುದ್ರ ಮತ್ತು ನದಿ ತಳ್ಳಾಡಿಕೊಳ್ಳುವುದರಿಂದಲೇ ಮರಕ್ಕೆ ನೀರು.

ಅಂಥ ಕಾಲುವೆಗಳಲ್ಲಿ ಒಂದರ ಹೆಸರು ಬುವೈಬ್. ಹೊರಗಿನವರು ನದಿ ಎನ್ನಲು ಹಿಂಜರಿಯುವಷ್ಟು ಸಣ್ಣದು. ನಮ್ಮ ಕಡೆಯಾದರೆ ಹಳ್ಳ ಎಂದುಬಿಡುತ್ತಿದ್ದೆವು. ‘ನದಿ ಮತ್ತು ಸಾವು’ ಕವಿತೆಯಲ್ಲಿ ಸಯ್ಯಾಬ್ ಈ ಹಳ್ಳವನ್ನು ಹೆಸರು ಹಿಡಿದು ಕರೆಯುತ್ತಾನೆ. ಹುಡುಗನ ಕುತೂಹಲದಿಂದ ಶುರುವಾದ ಕರೆ ಬರಬರುತ್ತ ಆ ನೀರಿನಲ್ಲಿ ಮುಳುಗಿಹೋಗುವ ಆಸೆಯಾಗುತ್ತದೆ, ಕೊನೆಗೆ ಬಳಲಿದ ಜನರ ಹೊರೆಗೆ ಹೆಗಲು ಕೊಟ್ಟು ಸಾಯುವ ಆಸೆಯಾಗುತ್ತದೆ. ಮುಂದಕ್ಕೂ ಹಿಂದಕ್ಕೂ ಹರಿಯುವ ಕಾಲುವೆಯ ನಾಡಿನವನಿಗೆ ಮಾತ್ರ ಹೀಗೆ ಬಾಲ್ಯಕ್ಕೂ ಸಾವಿಗೂ ಒಂದೇ ನೀರಿನಲ್ಲಿ ಹೋಗಿಬರಲು ಸಾಧ್ಯವೇನೋ. ಕವಿತೆಯಲ್ಲಿ ಉಬ್ಬರದ ವರ್ಣನೆ ಇಲ್ಲ. ಕವಿತೆಯ ನಡೆಯೇ ಉಬ್ಬರದ್ದು. ಊರಿನ ಭೂಗೋಳ ಕಾವ್ಯದಲ್ಲಿ ಬರುತ್ತದೆ ಎಂದರೆ ಹೀಗೆ ಎಂದು ನಾನು ತಿಳಿದಿದ್ದೇನೆ: ನೋಟವಾಗಿ ಬರುವುದಕ್ಕಿಂತ ಕೆಲಸ ಮಾಡುವ ಕ್ರಮವಾಗಿ ಬರುವುದು.

ಈ ಮಾತು ‘ಮಳೆಯ ಹಾಡಿ’ಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಹೆಣ್ಣೊಬ್ಬಳ ಕಣ್ಣುಗಳನ್ನು ನೋಡುವುದರಿಂದ ಕವಿತೆ ಶುರುವಾಗುತ್ತದೆ. ಅವಳು ಪ್ರೇಯಸಿ ಇರಬಹುದು, ತಾಯಿ ಇರಬಹುದು, ಇರಾಕೇ ಇರಬಹುದು. ಮಳೆ ಬರುತ್ತದೆ, ತಾಯಿ ನಾಳಿದ್ದು ಬರುತ್ತಾಳೆ ಎಂದು ನಂಬಿಸಲ್ಪಟ್ಟ ಮಗುವಿನ ನೆನಪು ಬರುತ್ತದೆ. ಆಮೇಲೆ ಕವಿತೆ ಇದ್ದಕ್ಕಿದ್ದಂತೆ ಲೆಕ್ಕಕ್ಕೆ ಇಳಿಯುತ್ತದೆ. ಪ್ರತಿವರ್ಷ ಮಳೆ ಬಂದಿದೆ, ನೆಲ ಹಸಿರಾಗಿದೆ, ಸುಗ್ಗಿಯಾಗಿದೆ; ಕಾಗೆ ಮತ್ತು ಮಿಡತೆಗಳ ಹೊಟ್ಟೆ ತುಂಬಿದೆ, ಬೆಳೆದವರು ಹಸಿದೇ ಇದ್ದಾರೆ ಎಂಬುದು ಅದರ ಸಾರ. ಕವಿ ಕೊಲ್ಲಿಯನ್ನು ಮುತ್ತು, ಚಿಪ್ಪು, ಸಾವುಗಳನ್ನು ಕೊಡುವವಳೆಂದು ಕರೆದರೆ, ತಿರುಗಿ ಬರುವ ಮಾರ್ದನಿಯಲ್ಲಿ ಚಿಪ್ಪು ಮತ್ತು ಸಾವು ಮಾತ್ರ ಇವೆ. ಮುತ್ತು ಎಲ್ಲಿ ಹೋಯಿತು ಎಂದು ಕವಿತೆ ಹೇಳುವುದಿಲ್ಲ. ಕೊಲ್ಲಿಯ ದಡದವರಿಗೆ ಹೇಳಬೇಕಾಗಿಯೂ ಇಲ್ಲ.

ಇಲ್ಲಿ ಒಂದು ಪದದ ಆಯ್ಕೆಯನ್ನು ಗಮನಿಸಬೇಕು. ಅರಬ್ಬಿಯಲ್ಲಿ ಮಳೆಗೆ ‘ಮತರ್’ ಎಂದೂ ‘ಗೈಸ್’ ಎಂದೂ ಹೇಳುತ್ತಾರೆ. ಒಂಬತ್ತನೆಯ ಶತಮಾನದ ಗದ್ಯಕಾರ ಅಲ್ ಜಾಹಿಝ್, ಅವನೂ ಬಸ್ರಾದವನೇ, ಜನ ಇವೆರಡರ ವ್ಯತ್ಯಾಸ ಮರೆತಿದ್ದಾರೆ ಎಂದು ಆಕ್ಷೇಪಿಸುತ್ತಾನೆ. ಕುರಾನಿನಲ್ಲಿ ಮತರ್ ಬರುವುದು ಶಿಕ್ಷೆಯ ಸಂದರ್ಭದಲ್ಲಿ ಎನ್ನುತ್ತಾನೆ. ಬರ ಕಳೆದು ಬದುಕಿಸುವ ಮಳೆ ಗೈಸ್. ಸಯ್ಯಾಬ್ ತನ್ನ ಹಾಡಿನ ಪಲ್ಲವಿಯಾಗಿ ಮತ್ತೆ ಮತ್ತೆ ಹೇಳುವುದು ಮತರ್ ಎಂಬ ಪದವನ್ನು. ದಿನಬಳಕೆಯಲ್ಲಿ ಅದು ಸಾಮಾನ್ಯ ಪದವೇ ಇರಬಹುದು. ಆದರೂ ಶಿಕ್ಷೆಯ ನೆರಳಿರುವ ಆ ಪದದಿಂದಲೇ ಕವಿತೆ ಕೊನೆಗೆ ಒಂದು ಭರವಸೆಯನ್ನು ಹಿಂಡಿ ತೆಗೆಯುತ್ತದೆ.

ಮಳೆಗೆ ಎರಡು ಮುಖ ಎಂಬುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಬರುವ ಹೂಮಳೆ ಒಂದು ಇಂಚು ಬಿದ್ದರೆ ಒಂದು ವಾರ, ಹತ್ತು ದಿನಕ್ಕೆ ತೋಟ ಬೆಳ್ಳಗೆ ಅರಳುತ್ತದೆ; ಆಮೇಲೆ ಇನ್ನೊಂದು ಮಳೆ ಹಿಂದೆಯೇ ಬೇಕು. ಅದೇ ಮಳೆ ಜುಲೈಯಲ್ಲಿ ಬಿಡದೆ ಹಿಡಿದರೆ ಕಾಯಿ ಉದುರುತ್ತದೆ, ಕೊಳೆ ಬರುತ್ತದೆ. ಕೆರೆ ಮತ್ತು ಸ್ಪ್ರಿಂಕ್ಲರ್ ಇರುವವರು ಹೂಮಳೆಯನ್ನು ತಾವೇ ಸುರಿಸಿಕೊಳ್ಳುತ್ತಾರೆ, ಇಲ್ಲದವರು ಮೋಡ ನೋಡುತ್ತಾರೆ. ಲೈನಿನವರಿಗೆ ಮಳೆ ಎಂದರೆ ಕೆಲಸದ ದಿನ ಮತ್ತು ಕೆಲಸವಿಲ್ಲದ ದಿನ. ಒಂದೇ ಗುಡ್ಡದ ಮೇಲೆ ಒಂದೇ ಮಳೆ ಮೂರು ಮನೆಗಳಿಗೆ ಮೂರು ಥರ ಬೀಳುತ್ತದೆ. ಅಪ್ಪನ ರಿಜಿಸ್ಟರಿನಲ್ಲಿ ಮಾತ್ರ ಮೂರಕ್ಕೂ ಒಂದೇ ಅಂಕಿ.

ಸಯ್ಯಾಬ್ ಕಮ್ಯುನಿಸ್ಟ್ ಪಕ್ಷದಲ್ಲಿದ್ದವನು. ಬಂಧನದ ಭಯದಿಂದ ಇರಾನಿಗೂ ಅಲ್ಲಿಂದ ಕುವೈತಿಗೂ ಓಡಿದ. 1953ರಲ್ಲಿ ಕುವೈತಿನಲ್ಲಿದ್ದಾಗ ಬರೆದ ಕವಿತೆಯ ಹೆಸರು ‘ಘರೀಬ್ ಅಲಲ್ ಖಲೀಜ್’. ನಮ್ಮ ಕಡೆ ಗರೀಬ ಅಂದರೆ ಬಡವ. ಅರಬ್ಬಿಯಲ್ಲಿ ಆ ಪದಕ್ಕೆ ಪರದೇಶಿ, ಹೊರಗಿನವ ಎಂದರ್ಥ. ಕೊಲ್ಲಿಯ ಮರಳಲ್ಲಿ ಕೂತು, ಹಡಗಿನ ಛತ್ರಕ್ಕೆ ಸಾಲದ ಕಾಸನ್ನು ಎಣಿಸುತ್ತ, ಆಚೆ ದಡದ ಇರಾಕಿಗಾಗಿ ಹಂಬಲಿಸುವ ಆ ಕವಿತೆಯಲ್ಲಿ ಎರಡು ಅರ್ಥವೂ ಒಂದಾಗುತ್ತವೆ. ಕುವೈತಿನಿಂದ ಬಸ್ರಾ ದೂರವಲ್ಲ. ದುಡ್ಡಿಲ್ಲದವನಿಗೆ ಎಲ್ಲವೂ ದೂರ.

ಈ ಕವಿತೆಯನ್ನು ಮೂಡಿಗೆರೆಯ ನನ್ನ ಗೆಳೆಯನಿಗೆ ಕಳಿಸಿದ್ದೆ. ಬ್ಯಾರಿ ಮನೆತನದವನು, ಅಜ್ಜ ಘಟ್ಟದ ಕೆಳಗಿನಿಂದ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತವರು. ಅವನು ಈಗ ಕುವೈತಿನಲ್ಲಿದ್ದಾನೆ. ಕವಿತೆಯ ಬಗ್ಗೆ ಏನೂ ಹೇಳದೆ, “ಅದಿರಲಿ ಮಾರಾಯ, ಮಳೆ ಹಿಡೀತಾ?” ಎಂದು ಕೇಳಿದ. ಹಿಡಿದಿದೆ ಎಂದೆ. “ಫೋನು ಸ್ವಲ್ಪ ಕಿಟಕಿ ಹತ್ರ ಹಿಡಿ” ಎಂದ. ಹಿಡಿದೆ. ಶೀಟಿನ ಮೇಲೆ ಬೀಳುವ ಮಳೆ, ಬೇರೇನೂ ಕೇಳಿಸುವಂತಿರಲಿಲ್ಲ. ಸುಮಾರು ಹೊತ್ತು ಲೈನಿನಲ್ಲೇ ಇದ್ದ.

ಸಯ್ಯಾಬನಲ್ಲಿ ಎಲ್ಲವೂ ಸರಿ ಎಂದು ನಾನು ಹೇಳುತ್ತಿಲ್ಲ. ಬಾಗ್ದಾದಿಗೆ ಹೋದ ಮೇಲೆ ಅವನ ಜೈಕೂರ್ ನಿಧಾನವಾಗಿ ಪುರಾಣವಾಗುತ್ತದೆ. ಹಳೆಯ ಬ್ಯಾಬಿಲೋನಿನ ತಮ್ಮೂಜ್ ದೇವತೆ ಅಲ್ಲಿ ಸತ್ತು ಹುಟ್ಟುತ್ತಾನೆ. ‘ಜೈಕೂರ್ ಮತ್ತು ನಗರ’ದಲ್ಲಿ ನಗರದ ಬೀದಿಗಳು ಮನುಷ್ಯನನ್ನು ಸುತ್ತಿ ಬಿಗಿಯುತ್ತವೆ, ಹಳ್ಳಿ ಕಳೆದುಹೋದ ತಾಯಿಯ ಮಡಿಲಾಗುತ್ತದೆ. ಮಳೆಯ ಹಾಡಿನಲ್ಲಿ ಹಸಿದವರನ್ನು ಕಂಡ ಕಣ್ಣು ಇಲ್ಲಿ ಜೈಕೂರಿನೊಳಗಿನ ಒಡೆಯ ಮತ್ತು ಆಳನ್ನು ಅಷ್ಟಾಗಿ ಕಾಣುವುದಿಲ್ಲ. ದೂರವಾದಷ್ಟೂ ಊರು ಚಂದವಾಗುತ್ತದೆ. ಚಂದವಾದಷ್ಟೂ ಅಲ್ಲಿನ ಜನ ಕಡಿಮೆಯಾಗುತ್ತಾರೆ. ಆದರೆ ಕಾಯಿಲೆ ಬಿದ್ದ ಕೊನೆಯ ವರ್ಷಗಳಲ್ಲಿ ಅಜ್ಜನ ಮನೆ, ಬಸ್ರಾದ ಮರದ ಕೆತ್ತನೆಯ ಶನಾಶೀಲ್ ಕಿಟಕಿಗಳು ಮುಂತಾಗಿ ಮುಟ್ಟಬಹುದಾದ ವಸ್ತುಗಳ ಕಡೆಗೆ ಅವನು ಮರಳಿ ಬರುತ್ತಾನೆ. 1964ರ ಡಿಸೆಂಬರ್ 24ರಂದು ಅವನು ತೀರಿಕೊಂಡದ್ದು ಕುವೈತಿನಲ್ಲೇ. ಇವತ್ತು ಅವನ ಪ್ರತಿಮೆ ಬಸ್ರಾದಲ್ಲಿ ಶತ್ತಲ್ ಅರಬ್ ದಡದಲ್ಲಿದೆ. ಆ ನೀರು ಮಾತ್ರ ಹಳೆಯದಲ್ಲ. ಮೇಲಿನಿಂದ ಸಿಹಿನೀರು ಕಡಿಮೆಯಾಗಿ ಉಪ್ಪು ಒಳಗೆ ಬಂದಿದೆ. ಯುದ್ಧ ಮತ್ತು ಉಪ್ಪು ಸೇರಿ ತೋಪುಗಳನ್ನು ತಿಂದಿವೆ. 2018ರಲ್ಲಿ ಕೆಟ್ಟ ನೀರಿನಿಂದ ಬಸ್ರಾದಲ್ಲಿ ಕನಿಷ್ಠ 1,18,000 ಜನ ಆಸ್ಪತ್ರೆ ಸೇರಿದರು. ಬುವೈಬಿನ ನೀರು ಹೇಗೆ ಏರಿಳಿಯುತ್ತಿತ್ತು ಎಂಬುದಕ್ಕೆ ಈಗ ಅವನ ಕವಿತೆಯೂ ಒಂದು ದಾಖಲೆ. ಯಾಕೂತ್ ಇದ್ದಿದ್ದರೆ ಬರೆದುಕೊಳ್ಳುತ್ತಿದ್ದ.

ಈಗ ನಮ್ಮ ಕಡೆ ಬರೋಣ. ಕುವೆಂಪು ಹುಟ್ಟಿದ್ದು ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ಕುಪ್ಪಳಿಯ ಕವಿಶೈಲ, ನವಿಲುಕಲ್ಲುಗಳನ್ನು ಕನ್ನಡದ ಭೂಪಟದಲ್ಲಿ ಕೂರಿಸಿದ್ದು ಅವರ ಕವಿತೆ. ಆ ಕವಿತೆಗಳಲ್ಲಿ ಬೆಟ್ಟ ಏರಿ ನಿಂತು ನೋಡುವ ಒಬ್ಬ ಮನುಷ್ಯ ಇದ್ದಾನೆ. ಅವನಿಗೆ ಕಾಣುವುದು ವಿಸ್ತಾರ, ಬೆರಗು, ದೈವ. ಅದೇ ಕುವೆಂಪು 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುಡ್ಡದಿಂದ ಇಳಿಯುತ್ತಾರೆ. ಅಲ್ಲಿ ಮಳೆ ಗುತ್ತಿ, ತಿಮ್ಮಿಯರ ಮೈ ನೆನೆಸುತ್ತದೆ, ದಾರಿ ತಪ್ಪಿಸುತ್ತದೆ. ತುಂಬಿದ ತುಂಗೆ ಹುಲಿಯ ನಾಯಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಇದು ಕೆಲಸ ಮಾಡುವ ಭೂಗೋಳ. ತೇಜಸ್ವಿಯವರೂ ಮೊದಲು ಕವಿತೆ ಬರೆದವರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯದ ಜಾಡು ಸವೆದಿದೆ ಎಂದು ಹೇಳಿ ಅವರು ಹಿಡಿದದ್ದು ಗದ್ಯದ ದಾರಿ. ಮೂಡಿಗೆರೆಯ ತೋಟ, ಗದ್ದೆ, ಜೇನು, ಬಸ್ಸು, ಏಲಕ್ಕಿ ವ್ಯಾಪಾರ ಎಲ್ಲವೂ ‘ಕರ್ವಾಲೊ’, ‘ಜುಗಾರಿ ಕ್ರಾಸ್’ಗಳಲ್ಲಿ ಬಂದವು.

ನಾನು ಓದಿದ ಮಟ್ಟಿಗೆ ಹೇಳುವುದಾದರೆ, ಮಲೆನಾಡಿನ ಭೂಪಟವನ್ನು ಗದ್ಯ ತೆಗೆದುಕೊಂಡಿತು; ಕವಿತೆಗೆ ಮಂಜು, ಸೋನೆ, ಜೀರುಂಡೆಯ ದನಿ ಉಳಿದವು. ಇದರಿಂದ ನಷ್ಟವೇನು ಎಂದು ಕೇಳಬಹುದು. ಗದ್ಯ ಸಂಬಂಧಗಳನ್ನು ಬಿಡಿಸಿ ತೋರಿಸುತ್ತದೆ. ಒಂದು ಹೆಸರನ್ನು ನಾಲಗೆಯ ಮೇಲೆ ಉಳಿಸುವ ಕೆಲಸ ಕವಿತೆಯದು. ಬುವೈಬ್ ಎಂಬ ಹಳ್ಳದ ಹೆಸರು ಅರಬ್ಬಿ ಓದುವವರಿಗೆಲ್ಲ ಗೊತ್ತು. ನಮ್ಮಲ್ಲಿ ದೊಡ್ಡ ನದಿಗಳಿಗೆ ಹೆಸರಿನ ಚಿಂತೆಯಿಲ್ಲ. ಹೇಮಾವತಿ ಜಾವಳಿಯಲ್ಲಿ ಹುಟ್ಟುತ್ತಾಳೆ, ಭದ್ರೆ ಗಂಗಾಮೂಲದಲ್ಲಿ. ತೀರ್ಥ, ಪೂಜೆ, ಬೋರ್ಡು ಎಲ್ಲ ಇವೆ. ಇವುಗಳಿಗೆ ಸೇರುವ ನೂರಾರು ಹಳ್ಳಗಳ ಹೆಸರು ಲೈನಿನ ಮುದುಕಿಯರಿಗೂ ಮೇಯಿಸುವವರಿಗೂ ಗೊತ್ತು, ನಮ್ಮ ಪದ್ಯಕ್ಕೆ ಗೊತ್ತಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ ಕುದುರೆಮುಖದ ಅದಿರು ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅದರ ಹೂಳನ್ನು ತಡೆದಿಟ್ಟ ಲಕ್ಯಾ ಅಣೆಕಟ್ಟಿನ ಹೆಸರು ಪತ್ರಿಕೆಗಳಿಂದ ನಮಗೆ ಗೊತ್ತು. ಲಕ್ಯಾ ಮೊದಲು ಒಂದು ಹೊಳೆಯ ಹೆಸರು ಎಂಬುದನ್ನು ನೆನಪಿಸುವ ಕೆಲಸವನ್ನು ಯಾವ ಕವಿತೆಗೂ ಕೊಡಲಿಲ್ಲ.

ಹಾಗೆಂದು ಕವಿಗಳು ಊರಿನ ಹೆಸರುಗಳನ್ನು ಪಟ್ಟಿ ಮಾಡಬೇಕು ಎಂದಲ್ಲ. ಮಳೆಯನ್ನು ಬರೆಯುವಾಗ ಅದು ಯಾರ ಮೇಲೆ ಹೇಗೆ ಬೀಳುತ್ತದೆ ಎಂಬ ಲೆಕ್ಕ ಕವಿತೆಯೊಳಗೆ ಇರಬೇಕು. ಷರಾ ಕಾಲಮ್ಮಿನಲ್ಲಿ ಹಿಡಿಸದೇ ಹೋದದ್ದು ಅಲ್ಲಿ ಹಿಡಿಸಬೇಕು. ‘ಕೆಲಸ ಇಲ್ಲ’ ಎಂಬ ಎರಡು ಪದಗಳನ್ನು ಬಿಡಿಸಿ ಓದುವ ವಿಮರ್ಶೆಯೂ ಅದರ ಜೊತೆಗೆ ಇರಬೇಕು.

ಹೋದ ಮಳೆಗಾಲ ಅಪ್ಪನ ಹಳೆಯ ತೋಟಕ್ಕೆ ಹೋಗಿದ್ದೆ. ಲೈನಿನಲ್ಲಿ ಈಗ ಹೆಚ್ಚಿನವರು ಅಸ್ಸಾಮಿನಿಂದ ಬಂದವರು. ಜಗಲಿಯ ಅಂಚಿನಲ್ಲಿ ಒಬ್ಬ ಹುಡುಗ ಮಳೆಯ ಕಡೆಗೆ ಫೋನು ಹಿಡಿದು ಕೂತಿದ್ದ; ಆ ಕಡೆ ಅವನ ಮನೆಯವರು ಏನೋ ಕೇಳುತ್ತಿದ್ದರು, ಅವನು ನಗುತ್ತ ಉತ್ತರಿಸುತ್ತಿದ್ದ. ಕುವೈತಿನ ಗೆಳೆಯನಿಗೆ ನಾನು ಕೇಳಿಸಿದ್ದು ಊರಿನ ಮಳೆ. ಇವನು ಊರಿಗೆ ತೋರಿಸುತ್ತಿದ್ದದ್ದು ಪರದೇಶದ ಮಳೆ. ನಮ್ಮ ಕಳಸ ಅವನ ಪಾಲಿನ ಕುವೈತು ಎಂದು ನನಗೆ ಹೊಳೆದದ್ದು ಆಗಲೇ. ಈ ಬೆಟ್ಟಗಳ ‘ಘರೀಬ’ನ ಕವಿತೆ ಯಾವಾಗಲಾದರೂ ಬರೆಯಲ್ಪಟ್ಟರೆ ಅದು ಕನ್ನಡದಲ್ಲಿ ಇರಲಾರದು, ಅಸ್ಸಾಮಿಯಲ್ಲೋ ಬಂಗಾಳಿಯಲ್ಲೋ ಇರಬಹುದು. ಆ ಕವಿತೆಯಲ್ಲಿ ನಮ್ಮ ಯಾವ ಹಳ್ಳದ ಹೆಸರು ಇರುತ್ತದೆ, ನಾವು ಯಾವ ಪಾತ್ರದಲ್ಲಿ ಇರುತ್ತೇವೆ? ಅದು ಬಂದ ದಿನ ಓದಲು ನಾವು ತಯಾರಿರಬೇಕು. ಅಲ್ಲಿಯವರೆಗೆ ಬಸ್ರಾದ ಮಳೆಯನ್ನು ಓದುವುದು ಒಳ್ಳೆಯ ಅಭ್ಯಾಸ.